ನಮ್ಮೂರ ಹಾಡುಗಾರರಿಗೆ ಹೊಂದಿದ ಮೈಕ್ ಸೆಟ್

ಎಳ್ಳಮಾವಾಸ್ಯೆ ಜಾತ್ರೆ ಮುಗಿದು ಒಂದು ತಿಂಗಳಿಗೆ, ಪುಷ್ಯದ ಅಮಾವಾಸ್ಯೆ ದಿನ, ತೀರ್ಥಹಳ್ಳಿಯಲ್ಲಿ ನಾವು ಒಂದಿಷ್ಟು ಜನ ಸೇರಿ ಪುರಂದರದಾಸರ ಆರಾಧನೆ ಮಾಡುತ್ತೇವೆ. ಹೊರಗಿನಿಂದ ಯಾರನ್ನೂ ಕರೆಸುವುದಿಲ್ಲ. ಹಾಡುವವರು, ನುಡಿಸುವವರು ಎಲ್ಲ ಊರಿನವರೇ. ಮೃದಂಗದವರಿಗೆ ಅಡಿಕೆ ತೋಟ. ಪಿಟೀಲು ನುಡಿಸುವವರು ಬ್ಯಾಂಕಿನಿಂದ ನಿವೃತ್ತರಾದವರು. ವೀಣೆಯ ಹುಡುಗಿ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಾಳೆ, ಆ ದಿನಕ್ಕೆಂದೇ ಬಸ್ಸಿನಲ್ಲಿ ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾಳೆ. ನಾನು ಮನೆಯಲ್ಲಿ ಸಂಗೀತ ಪಾಠ ಹೇಳುವವಳು, 22 ವರ್ಷವಾಯಿತು. ದಾಸರು ಹುಟ್ಟಿದ್ದು ನಮ್ಮದೇ ತಾಲ್ಲೂಕಿನ ಆರಗದ ಸೀಮೆಯಲ್ಲಿ ಎಂದು ಸರ್ಕಾರದ ತಜ್ಞರ ಸಮಿತಿ ಹೇಳಿದ ಮೇಲೆ ಜನಕ್ಕೂ ಈ ಆರಾಧನೆಯ ಮೇಲೆ ಪ್ರೀತಿ ಜಾಸ್ತಿಯಾಗಿದೆ.

ಈ ಬರಹ ಹಾಡಿದವರ ಬಗ್ಗೆ ಅಲ್ಲ, ಈ ಸಲ ನಮಗೆ ಬಂದ ಮೈಕ್ ಸೆಟ್ಟಿನ ಬಗ್ಗೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ವರ್ಷಪೂರ್ತಿ ಅಭ್ಯಾಸ ಮಾಡಿದ ಒಂದು ಹಾಡು ಕೇಳುವವರ ಕಿವಿಗೆ ಮುಟ್ಟುತ್ತದೋ ಇಲ್ಲವೋ ಎನ್ನುವುದು ಕೊನೆಗೆ ಎಲ್ಲ ಮೈಕಿನ ದನಿಯನ್ನು ಏರಿಸಿ ಇಳಿಸುವ ಆ ಮಿಕ್ಸರಿನ ಮುಂದೆ ಕೂತವನ ಕೈಯಲ್ಲಿರುತ್ತದೆ. ದೊಡ್ಡ ವಿದ್ವಾಂಸರಾದರೆ ಹಾಡು ನಿಲ್ಲಿಸಿ, 'ಮಾನಿಟರ್ ಸ್ವಲ್ಪ ಜಾಸ್ತಿ ಮಾಡಿ' ಎಂದು, ತಮ್ಮ ದನಿ ತಮಗೆ ಕೇಳಿಸಲೆಂದು ಎದುರಿಗೆ ಇಡುವ ಬಾಕ್ಸಿನ ದನಿ ಏರಿಸಲು ಕೇಳುತ್ತಾರೆ. ನಮ್ಮ ಹುಡುಗಿಯರು ಕೇಳುವುದಿಲ್ಲ. ಸರಿ ಕೇಳಿಸದಿದ್ದರೆ ತಮ್ಮದೇ ತಪ್ಪು ಅಂದುಕೊಂಡು ಸುಮ್ನೆ ಹಾಡಿ ಇಳಿದುಬಿಡುತ್ತಾರೆ. ಅದಕ್ಕೇ ನಮ್ಮಂಥ ಊರಿನ ಕಾರ್ಯಕ್ರಮಕ್ಕೆ ಒಳ್ಳೆಯ ಮೈಕಿನವರು ಇನ್ನೂ ಹೆಚ್ಚು ಬೇಕು.

ಹೋದ ವರ್ಷ ನಮಗಾದದ್ದು ಅದೇ. ಆಗ ಬಂದಿದ್ದ ಮೈಕ್ ಸೆಟ್ ಬೇರೆ. ಬಾಡಿಗೆ 6,000 ರೂಪಾಯಿ. ಆಳೆತ್ತರದ ಬೇಸ್ ಬಾಕ್ಸ್ ನಾಲ್ಕು ತಂದು ವೇದಿಕೆಯ ಎರಡೂ ಕಡೆ ಪೇರಿಸಿದರು. ಹಾಡುವವರಿಗೆ ಮಾನಿಟರ್ ಇರಲಿಲ್ಲ. ಕೇಳಿದರೆ, 'ಇಷ್ಟು ದೊಡ್ಡ ಸೌಂಡ್ ಇದೆಯಲ್ಲ ಮೇಡಂ, ಕೇಳಿಸುತ್ತೆ' ಎಂದರು. ಬಾಕ್ಸುಗಳ ಮುಖ ಜನರ ಕಡೆಗೆ. ವೇದಿಕೆಯ ಮೇಲೆ ಕೂತವರಿಗೆ ಕೇಳಿಸಿದ್ದು ಹಿಂದಿನ ಗೋಡೆಗೆ ಬಡಿದು ತಡವಾಗಿ ವಾಪಸ್ ಬರುವ ತಮ್ಮದೇ ದನಿ. ನನ್ನ ಶಿಷ್ಯೆ ಒಬ್ಬಳು ಎರಡನೇ ಚರಣದಲ್ಲಿ ಶ್ರುತಿ ಬಿಟ್ಟಳು. ಅವಳು ಶ್ರುತಿ ಬಿಡುವ ಹುಡುಗಿಯೇ ಅಲ್ಲ. ಇಳಿದು ಬಂದು ಪಾಕಶಾಲೆಯ ಹಿಂದೆ ನಿಂತು ಅತ್ತಳು. ಆಮೇಲೆ ಮೂರು ತಿಂಗಳು ಪಾಠಕ್ಕೆ ಬರಲಿಲ್ಲ.

ಹಾಗಾಗಿ ಈ ಸಲ ನಾನೇ ಹುಡುಕಲು ಹೊರಟೆ. ಯಕ್ಷಗಾನದ ಭಾಗವತರೊಬ್ಬರು ಇವರ ದಾರಿ ತೋರಿಸಿದರು. ಅಣ್ಣ ತಮ್ಮ ಇಬ್ಬರೇ ನಡೆಸುವ ಸಣ್ಣ ಮೈಕ್ ಸೆಟ್. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಮದುವೆ ಸೀಸನ್ನಿನಲ್ಲಿ ಈಗಲೇ ಕೈತುಂಬ ಕೆಲಸವಂತೆ. ನಮ್ಮ ಸುತ್ತಿನವರು ನನ್ನನ್ನು ಕೇಳಿದರೆ ಹೇಳುತ್ತೇನೆ.

ದರ 7,500. ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಎರಡು ಬಾಕ್ಸ್, 12 ಚಾನೆಲ್ ಮಿಕ್ಸರ್, 9 ಮೈಕ್, ಒಂದು ಮಾನಿಟರ್. ಬುಕ್ ಮಾಡುವಾಗ ಅಣ್ಣ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನನಗೆ ಧೈರ್ಯ ಬಂತು. 'ಎಷ್ಟು ಜನ ಕೂರ್ತಾರೆ ಅಕ್ಕಾ, ಮಾಡು ಶೀಟಿನದ್ದಾ?' ನಮ್ಮದು ದೇವಸ್ಥಾನದ ಸಭಾಭವನ. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟ್ ನೆಲ, 180 ಕುರ್ಚಿ. ಚಪ್ಪಾಳೆ ತಟ್ಟಿದರೆ ಎರಡು ಸಲ ಕೇಳಿಸುತ್ತದೆ. 'ಹಂಗಾರೆ ದೊಡ್ಡ ಬಾಕ್ಸ್ ಬೇಡ, ಜನರ ತಲೆ ಮೇಲಿಂದ ಕೆಳಗೆ ಮುಖ ಮಾಡಿ ಇಡುವ' ಎಂದರು.

ಕಾರ್ಯಕ್ರಮ ಸಂಜೆ 5ಕ್ಕೆ. ಅಡಿಕೆ ಕೊಯ್ಲಿನ ಕಾಲ, ಅದಕ್ಕಿಂತ ಮೊದಲು ಯಾರೂ ಬರಲಾರರು. ಮೈಕಿನವರು 2 ಗಂಟೆಗೆ ಬರಬೇಕಿತ್ತು, ಬಂದಿದ್ದು 2.40ಕ್ಕೆ. ಆ 40 ನಿಮಿಷ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಬಂದವರು ಮಾತ್ರ ಒಂದು ಕ್ಷಣ ಹಾಳು ಮಾಡಲಿಲ್ಲ. ವೈರ್ ಎಳೆದು ಮುಗಿಸಿ, ಇಬ್ಬರಲ್ಲಿ ತಮ್ಮನಾದವನು ವೇದಿಕೆ ಹತ್ತಿ ಬಂದು, 'ತಂಬೂರಿ ಪೆಟ್ಟಿಗೆ ಕೊಡಿ ಅಕ್ಕಾ, ಮೊದಲು ಅದನ್ನು ಕೂರಿಸುವ' ಎಂದ. ಹಾಡುವವರಿಗೆ ಶ್ರುತಿ ಕೊಡುವ ಕರೆಂಟಿನ ಪೆಟ್ಟಿಗೆ ಅದು. ನಮ್ಮ ಕಡೆ 'ಹಲೋ ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ' ಎನ್ನುವವರನ್ನೇ ನೋಡಿದ್ದೆ. ತಂಬೂರಿಯಿಂದ ಶುರು ಮಾಡಿದವರನ್ನು ನೋಡಿದ್ದು ಇದೇ ಮೊದಲು.

ಆಗಲೇ ಒಂದು ತೊಂದರೆ ಗೊತ್ತಾಯಿತು. ತಂಬೂರಿಯ ಜೊತೆ ಬಾಕ್ಸಿನಿಂದ ಸಣ್ಣಗೆ ಗುಂಯ್ ಅನ್ನುವ ಶಬ್ದ. ಹೋದ ವರ್ಷವೂ ಇತ್ತು, ನಾವು ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಆ ತಮ್ಮನೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ತಂಬೂರಿ ಪೆಟ್ಟಿಗೆಯ ಪ್ಲಗ್ಗು ವೇದಿಕೆಯ ಗೋಡೆಯಲ್ಲಿತ್ತು, ಮಿಕ್ಸರಿನದ್ದು ಸಭಾಭವನದ ಹಿಂದಿನ ಬೋರ್ಡಿನಲ್ಲಿ. ಎರಡಕ್ಕೂ ಅರ್ಥಿಂಗ್ ಬೇರೆ ಬೇರೆ ದಾರಿಯಲ್ಲಿ ಬಂದರೆ ಹೀಗಾಗುತ್ತದೆ ಎಂದು ಹೇಳಿ, ಹಿಂದಿನ ಬೋರ್ಡಿನಿಂದಲೇ ಉದ್ದದ ಎಕ್ಸ್‌ಟೆನ್ಶನ್ ಎಳೆದು ತಂದು ಪೆಟ್ಟಿಗೆಯನ್ನು ಅದಕ್ಕೆ ಹಾಕಿದ. ಗುಂಯ್ ನಿಂತುಹೋಯಿತು. ಸಭಾಭವನ ಒಮ್ಮೆಲೇ ತೊಳೆದಿಟ್ಟ ಹಾಗಾಯಿತು.

ಇದು ನಮಗೆ ಸಣ್ಣ ವಿಷಯ ಅಲ್ಲ. ನಮ್ಮ ಕರೆಂಟು 50 ಹರ್ಟ್ಸಿನದ್ದು, ಅಂದರೆ ಸೆಕೆಂಡಿಗೆ 50 ಸಲ ಮಿಡಿಯುವಂಥದ್ದು. ಆ ಗುಂಯ್ ಶಬ್ದದೊಳಗೆ 50ರ ಜೊತೆ 100, 200 ಕೂಡ ಇರುತ್ತವೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದು ಮನೆ ಶ್ರುತಿಯಲ್ಲಿ ಹಾಡುವವರ ಷಡ್ಜ, ಅಂದರೆ ಆಧಾರದ 'ಸ', ಸುಮಾರು 196 ಹರ್ಟ್ಸ್, ಐದೂವರೆ ಮನೆಯದ್ದು ಸುಮಾರು 208. ನಮ್ಮ ಹೆಣ್ಣುಮಕ್ಕಳು ಹೆಚ್ಚಿನವರು ಹಾಡುವುದು ಈ ಎರಡರಲ್ಲೇ. ಅಂದರೆ ಅವರ ಷಡ್ಜದ ಪಕ್ಕದಲ್ಲೇ, ಸ್ವಲ್ಪ ತಪ್ಪಾಗಿ, ಇನ್ನೊಂದು ಷಡ್ಜ ಇಡೀ ಸಂಜೆ ಕೊರೆಯುತ್ತಿರುತ್ತದೆ. ಶ್ರುತಿ ಬಿಟ್ಟಳು ಎಂದು ಹೋದ ವರ್ಷ ಅತ್ತ ಹುಡುಗಿ ಹಾಡುವುದು ಐದು ಮನೆಯಲ್ಲಿ. ಮಾನಿಟರ್ ಇಲ್ಲ, ತಂಬೂರಿ ಕೇಳಿಸದು, ಶ್ರುತಿ ಹಿಡಿಯಲು ಕೇಳಿಸುವುದು ಆ ಗುಂಯ್ ಮಾತ್ರ. ಇದನ್ನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಿದೆ. ಅವಳ ಮುಖ ನೋಡಬೇಕಿತ್ತು.

ಮೈಕುಗಳ ವಿಷಯಕ್ಕೆ ಬರುತ್ತೇನೆ. ಹಾಡುವವರಿಗೆ ಇಟ್ಟಿದ್ದು ಶೂರ್ ಎಸ್‌ಎಂ58. 1966ರಿಂದ ಬರುತ್ತಿರುವ ಮೈಕ್, ಮದುವೆ ಮನೆ, ಸಭೆ, ಸಂಗೀತ ಕಚೇರಿ ಎಲ್ಲ ಕಡೆ ಕಾಣುವಂಥದ್ದು. ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿದು ಹಿಂದಿನದ್ದನ್ನು ಬಿಡುವುದು ಅದರ ಗುಣ. ಅದಕ್ಕೇ ಮಾನಿಟರನ್ನು ಮೈಕಿನ ಬೆನ್ನಿಗೆ ಸರಿಯಾಗಿ ಇಟ್ಟರು. ಇಡೀ ಸಂಜೆ ಒಂದು ಸಲವೂ ಮೈಕ್ ಕುಂಯ್ ಎಂದು ಕೂಗಲಿಲ್ಲ. ಈ ಮೈಕನ್ನು ಬಾಯಿಗೆ ತೀರಾ ಹತ್ತಿರ ತಂದರೆ ದನಿ ದಪ್ಪವಾಗುತ್ತದೆ. ಮಕ್ಕಳಿಗೆ ತಮ್ಮ ಅದನ್ನೇ ತೋರಿಸಿಕೊಟ್ಟ, ಒಂದು ಗೇಣು ದೂರ ಇಟ್ಟುಕೊಳ್ಳಿ, ತಾರಸ್ಥಾಯಿಗೆ ಹೋದಾಗ ತಲೆ ಸ್ವಲ್ಪ ಹಿಂದೆ ಎಂದು. ನಾನು ಪಾಠದಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಇನ್ನು ಮೇಲೆ ಹೇಳಿಕೊಡುತ್ತೇನೆ.

ಮೃದಂಗಕ್ಕೆ ಎರಡು ಮೈಕ್, ಬಲಕ್ಕೊಂದು ಎಡಕ್ಕೊಂದು. ಹೆಚ್ಚಿನವರು ಒಂದೇ ಇಟ್ಟು ಮುಗಿಸುತ್ತಾರೆ. ಆಗ ಬಲದ ಕಪ್ಪು ಕರಣೆಯ ನಾದ ಮಾತ್ರ ಟಣ್ ಟಣ್ ಎನ್ನುತ್ತದೆ. ಮೃದಂಗದವರು ಅಷ್ಟು ಮುತುವರ್ಜಿಯಿಂದ ರವೆ ಕಲಸಿ ಎಡಕ್ಕೆ ಹಚ್ಚಿಕೊಂಡು ಬಂದ ಗುಮಕಿ, ಆ ಆಳದ ನಾದ, ಯಾರಿಗೂ ಕೇಳಿಸುವುದೇ ಇಲ್ಲ. ಈ ಸಲ ತನಿ ಆವರ್ತನದಲ್ಲಿ, ಅಂದರೆ ಮೃದಂಗ ಒಂದೇ ನುಡಿಯುವಾಗ, ಹಿಂದಿನ ಸಾಲಿನ ಅಜ್ಜಂದಿರೂ ತಾಳ ಹಾಕುತ್ತಿದ್ದರು. ತೋಟದಲ್ಲಿ ಬೆಳಗಿನಿಂದ ಅಡಿಕೆ ಗೊನೆ ಇಳಿಸಿ ಬಂದ ಕೈ ಅದು. ಆ ಎಡದ ನಾದ ಸಭಾಭವನ ತುಂಬಿದ್ದನ್ನು ಅವರು ಮಾನಿಟರಿನಲ್ಲಿ ಕೇಳಿ ನನ್ನ ಕಡೆ ನೋಡಿ ನಕ್ಕರು.

ವೀಣೆಯದ್ದು ಇನ್ನೂ ಕಷ್ಟ. ದನಿ ಸಣ್ಣದು. ಕೊಡಕ್ಕೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಹಾಕಿದರೆ ಜೋರಾಗಿ ಕೇಳಿಸುತ್ತದೆ, ಆದರೆ ತಂತಿಯ ಶಬ್ದ ಬರುತ್ತದೆಯೇ ಹೊರತು ಮರದ ದನಿ ಬರುವುದಿಲ್ಲ. ಇವರು ವೀಣೆಯ ತಂತಿಗಳನ್ನು ಹೊತ್ತ ಕುದುರೆಯ ಮುಂದೆ ಗೇಣು ದೂರದಲ್ಲಿ ಕಂಡೆನ್ಸರ್ ಮೈಕ್ ಇಟ್ಟು, ಮಿಕ್ಸರಿನಲ್ಲಿ ಅದಕ್ಕೆ ಬೇಕಾದ 48 ವೋಲ್ಟಿನ ಬಟನ್ ಒತ್ತಿದರು. ಅಂಥ ಮೈಕಿಗೆ ಸುತ್ತಲಿನ ಸದ್ದೆಲ್ಲ ಬೇಗ ತಾಗುತ್ತದೆ. ಅದಕ್ಕೇ ವೀಣೆ ನುಡಿಸುವಾಗ ಉಳಿದ ಎಲ್ಲ ಮೈಕನ್ನೂ ಮುಚ್ಚಿ, ವೇದಿಕೆಯ ಫ್ಯಾನನ್ನೂ ಆರಿಸಿದರು. ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಗಮಕ, ಕೊನೆಯಲ್ಲಿ ನಾದ ಕರಗುವುದು, ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ನನಗೆ ಪೂರ್ತಿ ಕೇಳಿಸಿತು. ಆ ಹುಡುಗಿಯ ಅಪ್ಪ ಮಗಳ ವೀಣೆಯನ್ನು ಮನೆಯಲ್ಲಿ ದಿನಾ ಕೇಳಿದವರು. 'ಮನೆಯಲ್ಲಿ ಕೇಳಿದ ಹಾಗೇ ಇತ್ತು' ಎಂದರು. ಇದಕ್ಕಿಂತ ಏನು ಬೇಕು?

ಅತಿ ಕಷ್ಟದ್ದು ಗೋಷ್ಠಿಗಾಯನ. ದಾಸರ ಒಂಬತ್ತು ಕೃತಿಗಳನ್ನು 26 ಜನ ಒಟ್ಟಿಗೆ ಕೂತು ಹಾಡುವುದು. ಭಜನಾ ಮಂಡಳಿಯ ಅಕ್ಕಂದಿರು, ಮೇಷ್ಟ್ರುಗಳು, ನನ್ನ ದೊಡ್ಡ ಶಿಷ್ಯರು. ಎಲ್ಲರ ಕೈಗೂ ಮೈಕ್ ಕೊಡಲು ಆಗದು. ಇರುವ ಮೂರ್ನಾಲ್ಕು ಮೈಕಿನ ಮುಂದೆ ಕೂತವರ ದನಿಯೇ ಮೇಲೆ ಬಂದು ಉಳಿದವರು ಮುಳುಗುತ್ತಾರೆ. ಪ್ರತಿ ವರ್ಷ ಇದೇ ಬೇಸರ. ಅಣ್ಣ ನಾಲ್ಕು ಮೈಕನ್ನು ಎತ್ತರದ ಸ್ಟ್ಯಾಂಡಿಗೆ ಹಾಕಿ, ಮೊದಲ ಸಾಲಿನವರ ತಲೆಗಿಂತ ಮೇಲೆ, ಎರಡನೇ ಸಾಲಿನ ಕಡೆ ಬಗ್ಗಿಸಿ ಇಟ್ಟರು. ಮೊದಲ ಕೃತಿಯಲ್ಲಿ ಎಡಗಡೆ ಗಂಡಸರ ದನಿ ಜಾಸ್ತಿ ಇತ್ತು. ಎರಡನೆಯದರಲ್ಲಿ ಸರಿಯಾಯಿತು. ಮಧ್ಯೆ ತಮ್ಮ ಎರಡು ಸಲ ಎದ್ದು ಸಭಾಭವನದ ಮೂಲೆ ಮೂಲೆಗೆ ಹೋಗಿ ನಿಂತು ಕೇಳಿ ಬಂದ. ಖಾಲಿ ಇದ್ದಾಗ ಕೇಳಿದ ದನಿಯೇ ಬೇರೆ, ಜನ ತುಂಬಿದ ಮೇಲೆ ಬೇರೆ. ಜನರ ಮೈ, ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತವೆ. ಕೂತಲ್ಲೇ ಕೂತರೆ ಇದು ತಿಳಿಯುವುದಿಲ್ಲ.

ಎಕೋ ಬಗ್ಗೆ ಒಂದು ಮಾತು. ಆರ್ಕೆಸ್ಟ್ರಾಕ್ಕೆ ಹಾಕುವ ಎಕೋವನ್ನು ಆರಂಭದ ಪಾಠವಾದ ಪಿಳ್ಳಾರಿ ಗೀತೆ ಹಾಡುವ ಎಂಟು ವರ್ಷದ ಮಗುವಿಗೂ ಹಾಕುವವರಿದ್ದಾರೆ. ಒಂದು ಸ್ವರದ ಬಾಲ ಇನ್ನೊಂದು ಸ್ವರದ ಮೇಲೆ ಬೀಳುತ್ತದೆ. ಸಾಹಿತ್ಯ ಅರ್ಥವಾಗುವುದಿಲ್ಲ. ದಾಸರ ಪದದಲ್ಲಿ ಸಾಹಿತ್ಯ ಕೇಳಿಸದಿದ್ದರೆ ಉಳಿಯುವುದೇನು? ನಾನು ಬೇಡ ಎಂದು ಹೇಳುವ ಮೊದಲೇ ಅಣ್ಣ, 'ಶೀಟಿನ ಮಾಡೇ ಬೇಕಾದಷ್ಟು ಎಕೋ ಕೊಡ್ತದೆ' ಎಂದು ಪೂರ್ತಿ ತೆಗೆದುಬಿಟ್ಟಿದ್ದರು. ದನಿಯ ಮಟ್ಟವೂ ಹಿತವಾಗಿತ್ತು. ಪಕ್ಕದವರ ಕಿವಿಯಲ್ಲಿ ಕೂಗದೆ ಮಾತಾಡಬಹುದಿತ್ತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುವ ನಿಯಮ ಇದೆಯಲ್ಲ. ನಮ್ಮ ಮಂಗಳ ಮುಗಿದಾಗ 9.35.

ಈಗ ಸರಿಯಿಲ್ಲದ್ದನ್ನೂ ಹೇಳಬೇಕು. ತಡವಾಗಿ ಬಂದದ್ದು ಹೇಳಿದೆ. ನಡುದಾರಿಗೆ ಅಡ್ಡ ಎಳೆದ ವೈರಿಗೆ ಟೇಪ್ ಅಂಟಿಸಿರಲಿಲ್ಲ, ವಯಸ್ಸಾದವರೊಬ್ಬರು ಎಡವಿದರು. ಪುಣ್ಯಕ್ಕೆ ಕುರ್ಚಿ ಹಿಡಿದುಕೊಂಡರು. ಇದು ಕ್ಷಮಿಸುವಂಥ ತಪ್ಪಲ್ಲ, ಅವರಿಗೆ ನೇರವಾಗಿಯೇ ಹೇಳಿದ್ದೇನೆ. ಮಾನಿಟರ್ ಒಂದೇ ಇದ್ದದ್ದರಿಂದ ಪಿಟೀಲಿನವರಿಗೆ ಹಾಡುವವರ ದನಿ ಸರಿಯಾಗಿ ಕೇಳಿಸಲಿಲ್ಲ. ಅವರು ಹಾಡುವವರ ತುಟಿ ನೋಡಿಕೊಂಡು ನುಡಿಸಿದರು. ಪೆನ್‌ಡ್ರೈವಿನಲ್ಲಿ ರೆಕಾರ್ಡಿಂಗ್ ಕೊಡುತ್ತೇವೆ ಎಂದಿದ್ದರು. ಕೊಟ್ಟರು, ಆದರೆ ಶುರು ಮಾಡುವಾಗ ಬಟನ್ ಒತ್ತಲು ಮರೆತು ಮೊದಲ ಅರ್ಧ ಗಂಟೆ ಇಲ್ಲ. ಆ ಅರ್ಧ ಗಂಟೆ ಮಕ್ಕಳದ್ದು. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮಂದಿರಿಗೆ ಕಳಿಸಬೇಕು ಎಂದು ಕಾದಿದ್ದ ತಾಯಂದಿರಿಗೆ ನಾನು ಉತ್ತರ ಹೇಳಬೇಕಾಯಿತು. ಕೊನೆಗೆ ಗಾಡಿ ಬಾಡಿಗೆ ಎಂದು 800 ಹೆಚ್ಚಿಗೆ ಕೇಳಿದರು. ಮೊದಲೇ ಹೇಳಿದ್ದರೆ ಬೇಜಾರಿರಲಿಲ್ಲ.

ಒಟ್ಟು 8,300 ಆಯಿತು. ಹೋದ ವರ್ಷಕ್ಕಿಂತ 2,300 ಜಾಸ್ತಿ. ಸಮಿತಿಯಲ್ಲಿ ಒಬ್ಬರು, ಆ ದುಡ್ಡಿನಲ್ಲಿ ಬಂದವರಿಗೆಲ್ಲ ಇನ್ನೊಂದು ಸಿಹಿ ಬಡಿಸಬಹುದಿತ್ತು ಎಂದರು. ನಾನು ಒಪ್ಪುವುದಿಲ್ಲ. ನಿಮ್ಮೂರಲ್ಲೂ ಇಂಥ ಸಂಗೀತದ ಸಂಜೆ ಇದ್ದರೆ ಮೈಕಿನವರನ್ನು ಬುಕ್ ಮಾಡುವಾಗ ಎಷ್ಟು ವ್ಯಾಟ್ ಸೌಂಡ್ ಎಂದು ಕೇಳಬೇಡಿ. ಮಾನಿಟರ್ ಎಷ್ಟು, ಸ್ಟ್ಯಾಂಡ್ ಎಷ್ಟು, ಹಾಡುವವರ ಜೊತೆ ಕೂತು ನೋಡಲು ಎರಡು ಗಂಟೆ ಮೊದಲು ಬರುತ್ತೀರಾ ಎಂದು ಕೇಳಿ. ಗಾಡಿ ಬಾಡಿಗೆ ಸೇರಿಸಿ ಒಂದೇ ದರ ಬರೆಸಿಕೊಳ್ಳಿ.

ಹೋದ ವರ್ಷ ಅತ್ತ ಹುಡುಗಿ ಈ ಸಲ ಏಳನೆಯವಳಾಗಿ ಹಾಡಿದಳು. ಕೂರುವ ಮೊದಲು ಮಾನಿಟರ್ ಕಡೆ ನೋಡಿ, ತಂಬೂರಿ ಸ್ವಲ್ಪ ಜಾಸ್ತಿ ಬೇಕು ಎಂದು ಕೈಸನ್ನೆ ಮಾಡಿದಳು. ತಮ್ಮ ಕೂಡಲೇ ಏರಿಸಿದ. ಅವಳು ಕಣ್ಣು ಮುಚ್ಚಿ ಷಡ್ಜ ಹಿಡಿದಳು.

ಮಾರನೇ ದಿನ ಪಂಚಾಂಗ ನೋಡಿ ಮುಂದಿನ ಪುಷ್ಯದ ಅಮಾವಾಸ್ಯೆಗೆ 500 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ. ಅಣ್ಣ ತಮ್ಮ ಇಬ್ಬರ ಎದುರಿಗೇ ಅವರ ಪುಸ್ತಕದಲ್ಲಿ ಬರೆಸಿದೆ: ಮಾನಿಟರ್ 2, ವೈರಿಗೆ ಟೇಪ್, ಮಧ್ಯಾಹ್ನ 2 ಗಂಟೆ, ರೆಕಾರ್ಡಿಂಗ್ ಮಕ್ಕಳಿಂದಲೇ ಶುರು.