ಆಪ್ಟ್-ಗೆಟ್, ಆಪ್ಟ್, ಆಪ್ಟಿಟ್ಯೂಡ್, ನಾಲಾ: ಅಳಿಸುವ ಮುನ್ನ ಸರಿಯಾಗಿ ಹೇಳುವುದು ಯಾವುದು?

ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಯಾವುದನ್ನು ಬಳಸುವವರಾದರೂ ಗಣಕದ ಆರೈಕೆಯ ಕೆಲಸ ಕೊನೆಗೆ ಟರ್ಮಿನಲ್‌ನ, ಅಂದರೆ ಆಜ್ಞೆ ಬರೆಯುವ ಕಿಟಕಿಯ, ಒಂದು ಸಾಲಿಗೆ ಬಂದು ನಿಲ್ಲುತ್ತದೆ. ಆ ಸಾಲನ್ನು ಯಾವ ಆಜ್ಞೆಯಿಂದ ಆರಂಭಿಸಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಆಪ್ಟ್-ಗೆಟ್, ಆಪ್ಟ್, ಆಪ್ಟಿಟ್ಯೂಡ್, ನಾಲಾ ಎಂಬ ನಾಲ್ಕನ್ನೂ ನನ್ನ ಡೆಬಿಯನ್ ಲ್ಯಾಪ್‌ಟಾಪಿನಲ್ಲಿ, ಮನೆಯವರು ಬಳಸುವ ಮಿಂಟ್ ಗಣಕದಲ್ಲಿ ಮತ್ತು ಆಗಾಗ ನಾನು ನೋಡಿಕೊಳ್ಳುವ ಒಂದು ಉಬುಂಟು ಗಣಕದಲ್ಲಿ ಬಹಳ ಕಾಲ ಬಳಸಿದ್ದೇನೆ. ನಾಲ್ಕೂ ತಂತ್ರಾಂಶವನ್ನು ಹಾಕುವ, ನವೀಕರಿಸುವ, ತೆಗೆಯುವ ಆಜ್ಞೆಗಳು. ನಾಲ್ಕೂ ಅದೇ ಆನ್‌ಲೈನ್ ಭಂಡಾರಗಳಿಂದ ಪ್ಯಾಕೇಜ್ (ತಂತ್ರಾಂಶದ ಕಟ್ಟು) ತರುತ್ತವೆ. ತಂದದ್ದನ್ನು ಡಿಸ್ಕಿನಲ್ಲಿ ಬಿಚ್ಚಿ ಕೂರಿಸುವುದು ನಾಲ್ಕರಲ್ಲೂ ಡಿಪಿಕೆಜಿ ಎಂಬ ತಳಹಂತದ ಸಾಧನ. ಆದರೂ ಒಂದೇ ಕೆಲಸವನ್ನು ಒಪ್ಪಿಸಿದಾಗ ಅವು ನಾಲ್ಕು ಬಗೆಯಲ್ಲಿ ವರ್ತಿಸುತ್ತವೆ.

ವೇಗ, ಬಣ್ಣ, ಪಟ್ಟಿಯ ಅಂದ ಇವುಗಳಿಂದ ನಾನು ಅಳೆಯುವುದಿಲ್ಲ. ನನಗೆ ಮುಖ್ಯವಾದದ್ದು, ಏನನ್ನು ಅಳಿಸಲು ಹೊರಟಿದ್ದೇನೆ ಎಂಬುದನ್ನು ಆಜ್ಞೆ ಮೊದಲೇ ಸ್ಪಷ್ಟವಾಗಿ ಹೇಳುತ್ತದೆಯೇ ಎಂಬುದು. ‘ಏಕೆ?’ ಎಂದು ಕೇಳಿದರೆ ಉತ್ತರ ಕೊಡುತ್ತದೆಯೇ ಎಂಬುದು. ಈ ಹಟಕ್ಕೆ ಕಾರಣವಿದೆ. 2021ರ ನವೆಂಬರಿನಲ್ಲಿ ಬಂದ ವಿಡಿಯೊ ಒಂದರಲ್ಲಿ ಜನಪ್ರಿಯ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ (ಉಬುಂಟು ಆಧಾರಿತ ಲಿನಕ್ಸ್) ಆಟಗಳ ತಂತ್ರಾಂಶವಾದ ಸ್ಟೀಮ್ ಹಾಕಿಕೊಳ್ಳಲು ಹೋದಾಗ ಇಡೀ ಡೆಸ್ಕ್‌ಟಾಪ್ ಪರಿಸರವೇ ಅಳಿಸಿಹೋಯಿತು. ಪ್ಯಾಕೇಜ್ ಅವಲಂಬನೆಯಲ್ಲಿ, ಅಂದರೆ ಒಂದಕ್ಕೆ ಇನ್ನಾವುದು ಬೇಕು ಎಂಬ ವಿವರದಲ್ಲಿ, ಆಗ ಒಂದು ದೋಷವಿತ್ತು. ಟರ್ಮಿನಲ್ ಎಚ್ಚರಿಕೆಯನ್ನೂ ಕೊಟ್ಟಿತ್ತು, ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಅಕ್ಷರಶಃ ಒತ್ತಿಸಿಕೊಂಡೂ ಇತ್ತು. ಆದರೆ ಆ ಎಚ್ಚರಿಕೆ ಒಂದೇ ಬಣ್ಣದ ಹೆಸರುಗಳ ರಾಶಿಯ ನಡುವೆ ಹೂತುಹೋಗಿತ್ತು. ಬಳಕೆದಾರರು ಓದುವುದಿಲ್ಲ ಎಂದು ದೂರುವ ಮೊದಲು ಓದುವಂತೆ ಬರೆಯಲಾಗಿದೆಯೇ ಎಂದು ಕೇಳಬೇಕು.

(ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಬೇಕು. ಏನನ್ನಾದರೂ ಬದಲಿಸುವ ಆಜ್ಞೆಗಳ ಮುಂದೆಲ್ಲ, ನಿರ್ವಾಹಕರ ಅಧಿಕಾರ ಕೊಡುವ ‘ಸುಡೋ’ ಇರಲಿ.)

ಆಪ್ಟ್-ಗೆಟ್ ಮತ್ತು ಆಪ್ಟ್

ಆಪ್ಟ್-ಗೆಟ್ 1999ರ ಡೆಬಿಯನ್ 2.1ರ ಜೊತೆ ಬಂದದ್ದು. ಆಪ್ಟ್ ಎಂಬ ಚಿಕ್ಕ ಆಜ್ಞೆ 2014ರ ಏಪ್ರಿಲ್‌ನಲ್ಲಿ 1.0 ಆವೃತ್ತಿಯೊಂದಿಗೆ ಎಲ್ಲರ ಕೈಗೆ ಸಿಕ್ಕಿತು. ಎರಡೂ ಒಂದೇ, ನಾಲ್ಕಕ್ಷರ ಉಳಿಯುತ್ತದೆ ಅಷ್ಟೇ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಮತ್ತು ಈ ತಿಳಿವಳಿಕೆಯಿಂದ ಆಗುವ ತೊಂದರೆ ಸಣ್ಣದಲ್ಲ.

‘ಆಪ್ಟ್-ಗೆಟ್ ಅಪ್‌ಗ್ರೇಡ್’ ಈಗಾಗಲೇ ಇರುವ ಪ್ಯಾಕೇಜುಗಳನ್ನು ಮಾತ್ರ ಮೇಲೇರಿಸುತ್ತದೆ. ಅದಕ್ಕಾಗಿ ಹೊಸ ಹೆಸರಿನ ಪ್ಯಾಕೇಜೊಂದು ಬೇಕಾದರೆ ಅದು ಮುಟ್ಟುವುದಿಲ್ಲ, ‘ತಡೆಹಿಡಿಯಲಾಗಿದೆ’ ಎಂಬ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತದೆ. ಡೆಬಿಯನ್‌ನಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು) ಬರುವುದೇ ಹೊಸ ಹೆಸರಿನಲ್ಲಿ. ಲಿನಕ್ಸ್-ಇಮೇಜ್-ಎಎಂಡಿ64 ಎಂಬುದು ಬರಿಯ ಸೂಚಕ ಪ್ಯಾಕೇಜ್, ಆವೃತ್ತಿ ಸಂಖ್ಯೆಯನ್ನು ಹೆಸರಿನಲ್ಲೇ ಹೊತ್ತ ನಿಜವಾದ ಕರ್ನಲ್ ಬೇರೆ. ಹಾಗಾಗಿ ಪ್ರತಿವಾರ ನಿಷ್ಠೆಯಿಂದ ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಒತ್ತುತ್ತಿದ್ದರೂ ಹಳೆಯ ಕರ್ನಲ್‌ನಲ್ಲೇ, ಅದರ ಭದ್ರತಾ ತೂತುಗಳೊಂದಿಗೇ ಉಳಿದಿರುವ ಗಣಕಗಳು ಇರುತ್ತವೆ. ‘ಆಪ್ಟ್ ಅಪ್‌ಗ್ರೇಡ್’ ಅಗತ್ಯವಾದ ಹೊಸ ಪ್ಯಾಕೇಜನ್ನು ತರುತ್ತದೆ, ಆದರೆ ಇರುವ ಯಾವುದನ್ನೂ ಅಳಿಸುವುದಿಲ್ಲ. ದಿನಬಳಕೆಯ ಡೆಸ್ಕ್‌ಟಾಪಿಗೆ ಬೇಕಾದದ್ದು ನಿಖರವಾಗಿ ಇದೇ. ಅಳಿಸುವ ಅನುಮತಿಯನ್ನೂ ಕೊಡಬೇಕೆಂದಾಗ ‘ಆಪ್ಟ್ ಫುಲ್-ಅಪ್‌ಗ್ರೇಡ್’ ಇದೆ. ಹಳೆಯ ಆಜ್ಞೆಯಲ್ಲಿ ಇದಕ್ಕೆ ‘ಡಿಸ್ಟ್-ಅಪ್‌ಗ್ರೇಡ್’ ಎನ್ನುತ್ತಾರೆ. ಅದನ್ನು ಒತ್ತಿದ ಮೇಲೆ ಪಟ್ಟಿ ಓದದೆ ‘ವೈ’ (ಹೌದು) ಒತ್ತಬಾರದು.

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಆಪ್ಟ್ 3.0 ಇದೆ. ಇದನ್ನು ಬಳಸಲು ತೊಡಗಿದಾಗಿನಿಂದ ನನಗೆ ಆಪ್ಟ್ ಬಗ್ಗೆ ಗೌರವ ಹೆಚ್ಚಿದೆ. ಹೆಸರುಗಳು ಕಾಲಂಗಳಲ್ಲಿ ಬರುತ್ತವೆ. ಅಳಿಸಲಿರುವವು ಕೆಂಪಿನಲ್ಲಿ, ಪಟ್ಟಿಯ ಕೊನೆಯಲ್ಲಿ, ಅಂದರೆ ಕಣ್ಣು ನಿಲ್ಲುವ ಜಾಗದಲ್ಲೇ ಬರುತ್ತವೆ. ಇಷ್ಟು ಸರಳವಾದ ಬದಲಾವಣೆಗೆ ಇಷ್ಟು ವರ್ಷ ಬೇಕಾಯಿತೇ ಎನಿಸುತ್ತದೆ. ಆದರೂ ಬಂತಲ್ಲ ಎಂಬ ಸಂತೋಷವೇ ದೊಡ್ಡದು.

ಆಪ್ಟ್-ಗೆಟ್‌ಗೆ ಇಂದಿಗೂ ಎರಡು ಜಾಗಗಳಿವೆ. ಮೊದಲನೆಯದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ತಾನಾಗಿ ಓಡಿಸಲು ಬರೆದಿಟ್ಟ ಕಡತ. ಆಪ್ಟ್‌ನ ಔಟ್‌ಪುಟ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಆ ಎಚ್ಚರಿಕೆಯನ್ನು ಅದೇ ಕೊಡುತ್ತದೆ. ಆಪ್ಟ್-ಗೆಟ್ ಅದೇ ಮಾತನ್ನು ಅದೇ ರೀತಿಯಲ್ಲಿ ಹೇಳುತ್ತಲೇ ಇರುತ್ತದೆ. ಎರಡನೆಯದು ಮೊಬೈಲ್ ಡೇಟಾದಲ್ಲಿ ನವೀಕರಣ ಮಾಡುವವರಿಗೆ ಸಂಬಂಧಿಸಿದ್ದು. ಆಪ್ಟ್ ತಾನು ಇಳಿಸಿಕೊಂಡ ಡೆಬ್ ಕಡತಗಳನ್ನು (ಪ್ಯಾಕೇಜುಗಳು ಬರುವ ಕಡತಗಳು) ಅನುಸ್ಥಾಪನೆ ಮುಗಿದೊಡನೆ ಅಳಿಸಿಬಿಡುತ್ತದೆ. ಆಪ್ಟ್-ಗೆಟ್ ಅವನ್ನು /ವಾರ್/ಕ್ಯಾಷ್/ಆಪ್ಟ್/ಆರ್ಕೈವ್ಸ್ ಕೋಶದಲ್ಲಿ ಉಳಿಸುತ್ತದೆ. ಮನೆಯಲ್ಲಿ ಒಂದೇ ಆವೃತ್ತಿಯ, ಒಂದೇ ಬಗೆಯ ಪ್ರೊಸೆಸರಿನ ಎರಡು ಗಣಕಗಳಿದ್ದರೆ ಮೊದಲನೆಯದನ್ನು ಆಪ್ಟ್-ಗೆಟ್‌ನಿಂದ ನವೀಕರಿಸಿ, ಆ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಎರಡನೆಯದರ ಅದೇ ಕೋಶಕ್ಕೆ ಹಾಕಬಹುದು. ಅಲ್ಲಿ ‘ಆಪ್ಟ್ ಅಪ್‌ಡೇಟ್’ ಮಾಡಿ ಅಪ್‌ಗ್ರೇಡ್ ಕೊಟ್ಟರೆ ಇರುವ ಕಡತಗಳನ್ನು ಪರೀಕ್ಷಿಸಿ ಬಳಸಿಕೊಳ್ಳುತ್ತದೆ, ಇಲ್ಲದ್ದನ್ನಷ್ಟೇ ಇಳಿಸುತ್ತದೆ. ಹಳ್ಳಿಯ ಮನೆಯಲ್ಲಿ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ ಇದು ದೊಡ್ಡ ಉಳಿತಾಯ. ಕೆಲಸವಾದ ಮೇಲೆ ‘ಆಪ್ಟ್-ಗೆಟ್ ಆಟೋಕ್ಲೀನ್’ ಕೊಟ್ಟರೆ ಭಂಡಾರದಲ್ಲಿ ಈಗ ಸಿಗದ ಹಳೆಯ ಕಡತಗಳಷ್ಟೇ ಹೋಗುತ್ತವೆ, ‘ಕ್ಲೀನ್’ ಕೊಟ್ಟರೆ ಎಲ್ಲವೂ.

ಮಿಂಟ್ ಬಳಸುವವರಿಗೆ ಒಂದು ಮಾತು: ಅಲ್ಲಿ ‘ಆಪ್ಟ್’ ಎಂದು ಒತ್ತಿದಾಗ ಓಡುವುದು /ಯುಎಸ್ಆರ್/ಲೋಕಲ್/ಬಿನ್ ಕೋಶದಲ್ಲಿರುವ ಮಿಂಟ್‌ನದೇ ಆದ ಸ್ಕ್ರಿಪ್ಟ್. ಇಲ್ಲಿ ಓದಿದ ವರ್ತನೆಗೂ ನಿಮ್ಮ ಪರದೆಗೂ ವ್ಯತ್ಯಾಸ ಕಂಡರೆ /ಯುಎಸ್ಆರ್/ಬಿನ್/ಆಪ್ಟ್ ಎಂದು ಪೂರ್ಣ ದಾರಿ ಕೊಟ್ಟು ನೋಡಿ.

ಆಪ್ಟಿಟ್ಯೂಡ್

ಹಳೆಯ ಡೆಬಿಯನ್ ಬಳಕೆದಾರರು ಇದನ್ನು ಪ್ರೀತಿಯಿಂದ ನೆನೆಯುತ್ತಾರೆ. ಒಂದು ಕಾಲದಲ್ಲಿ ಆವೃತ್ತಿ ಬದಲಾವಣೆಗೆ ಡೆಬಿಯನ್ ಇದನ್ನೇ ಶಿಫಾರಸು ಮಾಡುತ್ತಿತ್ತು, ಈಗ ಮಾಡುವುದಿಲ್ಲ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಇಡೀ ವ್ಯವಸ್ಥೆಯನ್ನು ಮೇಲೇರಿಸುವಾಗ ಇದು ಸೂಚಿಸುವ ಪರಿಹಾರಗಳು ಕೆಲವೊಮ್ಮೆ ಗಾಬರಿ ಹುಟ್ಟಿಸುವಂತಿರುತ್ತವೆ. ಆದರೆ ವಿಚಾರಣೆಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಉದಾಹರಣೆಗೆ ಕನ್ನಡ ಅಕ್ಷರಗಳನ್ನೇ ತೆಗೆದುಕೊಳ್ಳೋಣ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಕನ್ನಡ ಫಾಂಟುಗಳಿವೆ. ಅವನ್ನು ನೀವಾಗಿ ಹಾಕಿಕೊಂಡಿರದೇ ಇರಬಹುದು. ಫಾಂಟ್ಸ್-ಇಂಡಿಕ್ ಎಂಬ ಸೂಚಕ ಪ್ಯಾಕೇಜ್ ಫಾಂಟ್ಸ್-ಕೆಎನ್‌ಡಿಎ ಎಂಬುದನ್ನು ಕರೆತರುತ್ತದೆ, ಅದು ಗುಬ್ಬಿ ಮತ್ತು ನವಿಲನ್ನು ತರುತ್ತದೆ. ‘ಆಪ್ಟಿಟ್ಯೂಡ್ ವೈ ಫಾಂಟ್ಸ್-ಗುಬ್ಬಿ’ (ಇಲ್ಲಿ ‘ವೈ’ ಎಂದರೆ ಇಂಗ್ಲಿಷಿನ ‘ಏಕೆ’) ಎಂದು ಕೇಳಿದರೆ ಈ ಸರಪಳಿಯನ್ನು ಸಾಲು ಸಾಲಾಗಿ ತೋರಿಸುತ್ತದೆ. ಯಾವುದು ಕಡ್ಡಾಯ ಅವಲಂಬನೆ, ಯಾವುದು ಬರಿಯ ಶಿಫಾರಸು ಎಂಬುದನ್ನೂ ಬಿಡಿಸಿ ಹೇಳುತ್ತದೆ. ಒಂದು ಪ್ಯಾಕೇಜ್ ಏಕೆ ಬರಲೊಲ್ಲದು ಎಂದು ತಿಳಿಯಬೇಕಿದ್ದರೆ ‘ವೈ-ನಾಟ್’ ಇದೆ. ಅಪರಿಚಿತ ಹೆಸರು ಕಂಡಾಗ ಅಂತರ್ಜಾಲದಲ್ಲಿ ಹುಡುಕುವ ಮೊದಲು ನನ್ನ ಕೈ ಇಲ್ಲಿಗೇ ಹೋಗುತ್ತದೆ.

ಈಗ ಅದೇ ಸರಪಳಿಯ ಇನ್ನೊಂದು ಮುಖ. ಬೇರೆ ಭಾಷೆಗಳ ಫಾಂಟುಗಳೆಲ್ಲ ನನಗೇಕೆ ಎಂದು ‘ಫಾಂಟ್ಸ್-ಇಂಡಿಕ್’ ತೆಗೆದರೆ ಏನಾಗುತ್ತದೆ? ‘ಆಪ್ಟ್ ರಿಮೂವ್’ ಆ ಒಂದನ್ನು ತೆಗೆದು, ಗುಬ್ಬಿ, ನವಿಲು ಮೊದಲಾದವು ಇನ್ನು ಯಾರಿಗೂ ಬೇಕಿಲ್ಲ ಎಂದು ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಅವು ಹೋಗುವುದು ಮುಂದೆ ‘ಆಟೋರಿಮೂವ್’ ಒತ್ತಿದಾಗ. ಆಪ್ಟಿಟ್ಯೂಡ್ ಕಾಯುವುದಿಲ್ಲ. ಅನಾಥವಾದದ್ದನ್ನು ಅದೇ ಸುತ್ತಿನಲ್ಲಿ ಅಳಿಸುವ ಪಟ್ಟಿಗೆ ಸೇರಿಸುತ್ತದೆ. ಪ್ರಾಮಾಣಿಕವಾಗಿ ಹೇಳಿಯೇ ಸೇರಿಸುತ್ತದೆ, ಪ್ರತಿ ಹೆಸರಿನ ಪಕ್ಕ ಪುಷ್ಪಾವರಣದೊಳಗೆ ‘ಯು’ ಅಕ್ಷರವಿರುತ್ತದೆ. ಆ ಗುರುತಿನ ಅರ್ಥ ಗೊತ್ತಿಲ್ಲದವರಿಗೆ ಮಾತ್ರ ಅದು ಎಚ್ಚರಿಕೆಯಾಗಿ ಕಾಣುವುದೇ ಇಲ್ಲ. ಎರಡರಲ್ಲೂ ಪರಿಹಾರ ಒಂದೇ: ಮೊದಲೇ ‘ಆಪ್ಟ್-ಮಾರ್ಕ್ ಮ್ಯಾನುಯಲ್ ಫಾಂಟ್ಸ್-ಗುಬ್ಬಿ ಫಾಂಟ್ಸ್-ನವಿಲು’ ಎಂದು ಕೊಟ್ಟುಬಿಡಿ. ನಾನೇ ಬೇಕೆಂದು ಇಟ್ಟುಕೊಂಡದ್ದು ಎಂದು ವ್ಯವಸ್ಥೆಗೆ ತಿಳಿಸಿದ ಮೇಲೆ ಯಾವ ಆಟೋರಿಮೂವ್ ಕೂಡ ಅವನ್ನು ಕಸವೆಂದು ಗುಡಿಸುವುದಿಲ್ಲ. ಕನ್ನಡ ಒತ್ತಲು ಬಳಸುವ ಐಬಸ್-ಎಂ17ಎನ್ ಪ್ಯಾಕೇಜಿಗೂ ಇದೇ ಗುರುತು ಹಾಕಿಡುವುದು ಒಳ್ಳೆಯದು.

ಆಪ್ಟಿಟ್ಯೂಡ್‌ನ ಹುಡುಕಾಟದ ಮಾದರಿಗಳು ಹಿಂದೆ ಅದರದೇ ಹಿರಿಮೆಯಾಗಿದ್ದವು. 2020ರ ಆಪ್ಟ್ 2.0ರಿಂದ ಅವು ಆಪ್ಟ್‌ಗೂ ಬಂದಿವೆ. ‘ಆಪ್ಟ್ ಲಿಸ್ಟ್’ ಮುಂದೆ ಉದ್ಧರಣ ಚಿಹ್ನೆಯೊಳಗೆ ‘?ಕಾನ್ಫಿಗ್-ಫೈಲ್ಸ್’ ಎಂದು ಕೊಟ್ಟರೆ, ಪ್ಯಾಕೇಜ್ ಹೋದರೂ ಸಂರಚನಾ ಕಡತ ಉಳಿದಿರುವವು ಸಿಗುತ್ತವೆ. ‘?ಅಬ್ಸೊಲೀಟ್’ ಎಂದರೆ ಈಗ ಯಾವ ಭಂಡಾರದಲ್ಲೂ ಇಲ್ಲದವು. ಆವೃತ್ತಿ ಬದಲಿಸಿದ ಮೇಲೆ ಈ ಎರಡನೆಯ ಪಟ್ಟಿಯನ್ನು ನೋಡಲೇಬೇಕು, ಏಕೆಂದರೆ ಅದರಲ್ಲಿರುವ ಯಾವುದಕ್ಕೂ ಇನ್ನು ಭದ್ರತಾ ತಿದ್ದುಪಡಿ ಬರುವುದಿಲ್ಲ.

ನಾಲಾ

ಪೈಥಾನ್‌ನಲ್ಲಿ ಬರೆದ ಹೊಸಬ ಇದು. ಡೆಬಿಯನ್ 12 ಮತ್ತು ಉಬುಂಟು 22.04ರಿಂದ ಭಂಡಾರದಲ್ಲೇ ಸಿಗುತ್ತದೆ. ಅಚ್ಚುಕಟ್ಟಾದ ಕೋಷ್ಟಕ, ಹಳೆಯ ಮತ್ತು ಹೊಸ ಆವೃತ್ತಿಗಳು ಅಕ್ಕಪಕ್ಕ, ಗಾತ್ರ ಕೊನೆಯಲ್ಲಿ. ಓದಲು ಸುಖ. ಏಕಕಾಲಕ್ಕೆ ಹಲವು ಕಡತ ಇಳಿಸುವ ಗುಣ ಒಳ್ಳೆಯ ಸಂಪರ್ಕದಲ್ಲಿ ಗೊತ್ತಾಗುತ್ತದೆ, ಹಾಟ್‌ಸ್ಪಾಟಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ‘ನಾಲಾ ಫೆಚ್’ ಹತ್ತಿರದ, ಚುರುಕಾದ ಸರ್ವರುಗಳನ್ನು ಹುಡುಕಿ ನಾಲಾ-ಸೋರ್ಸಸ್ ಎಂಬ ಹೊಸ ಪಟ್ಟಿ ಬರೆಯುತ್ತದೆ. ಆವೃತ್ತಿ ಬದಲಿಸುವಾಗ ಮುಖ್ಯ ಪಟ್ಟಿಯ ಜೊತೆಗೆ ಇದರಲ್ಲೂ ಹಳೆಯ ಆವೃತ್ತಿಯ ಹೆಸರನ್ನು ಬದಲಿಸಬೇಕು ಎಂಬುದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ನಾಲಾವನ್ನು ಹೊಗಳುವವರೆಲ್ಲ ಎತ್ತಿ ಹೇಳುವುದು ‘ಹಿಸ್ಟರಿ’ ಮತ್ತು ‘ಅನ್‌ಡೂ’ ಸೌಲಭ್ಯವನ್ನು. ಇಲ್ಲಿ ನನ್ನ ಮೆಚ್ಚುಗೆಗೆ ಮಿತಿಯಿದೆ. ನಾನು ಬಳಸಿದ ಆವೃತ್ತಿಯ ಕೈಪಿಡಿಯೇ ಹೇಳುವಂತೆ ಈ ಹಿಂತೆಗೆತ ಹಾಕಿದ್ದಕ್ಕೆ ಮತ್ತು ತೆಗೆದದ್ದಕ್ಕೆ ಮಾತ್ರ. ಅಪ್‌ಗ್ರೇಡ್ ಆದ ಮೇಲೆ ಧ್ವನಿಯೋ ವೈಫೈಯೋ ಕೈಕೊಟ್ಟರೆ ಹಳೆಯ ಆವೃತ್ತಿಗೆ ಮರಳಿಸುವ ಭರವಸೆ ಅದರಲ್ಲಿಲ್ಲ. ಅಲ್ಲದೆ ನಾಲಾ ಮೂಲಕ ಮಾಡಿದ್ದಷ್ಟೇ ಆ ದಾಖಲೆಯಲ್ಲಿರುತ್ತದೆ. ಆಪ್ಟ್‌ನ ಕಡೆಯಲ್ಲಿ ಇದಕ್ಕಿಂತ ಒರಟಾದ, ಆದರೆ ಭದ್ರವಾದ ದಾಖಲೆಯಿದೆ: /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್. ಯಾವ ಹೊತ್ತಿಗೆ, ಯಾವ ಆಜ್ಞೆಯಿಂದ, ಯಾವುದು ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಯಿತು ಎಂಬುದೆಲ್ಲ ಅಲ್ಲಿದೆ. ಹಳೆಯ ತಿಂಗಳುಗಳದ್ದು ಪಕ್ಕದಲ್ಲೇ ಜಿಜಿಪ್ ಆಗಿ (ಕುಗ್ಗಿಸಿದ ಕಡತವಾಗಿ) ಇರುತ್ತದೆ, ‘ಜಡ್‌ಲೆಸ್’ ಆಜ್ಞೆಯಿಂದ ನೇರವಾಗಿ ಓದಬಹುದು. ‘ನಿನ್ನೆ ತನಕ ಪ್ರಿಂಟರ್ ಸರಿಯಿತ್ತು’ ಎಂದು ಯಾರಾದರೂ ಹೇಳಿದಾಗ ನಾನು ತೆರೆಯುವ ಮೊದಲ ಕಡತ ಇದೇ.

ನಿಜವಾಗಿ ಹಿಂದಕ್ಕೆ ಹೋಗಬೇಕೆಂದರೆ ಟೈಮ್‌ಶಿಫ್ಟ್ ಎಂಬ ಬೇರೆಯ ಸಾಧನ ಬೇಕು. ದೊಡ್ಡ ನವೀಕರಣಕ್ಕೆ ಮೊದಲು ‘ಟೈಮ್‌ಶಿಫ್ಟ್ --ಕ್ರಿಯೇಟ್’ ಎಂದರೆ ವ್ಯವಸ್ಥೆಯ ಚಿತ್ರ ಉಳಿಯುತ್ತದೆ. ಮಿಂಟ್‌ನಲ್ಲಿ ಇದು ಜೊತೆಗೇ ಬರುತ್ತದೆ. ತಾನಾಗಿ ಅದು ಹೋಮ್ ಕೋಶದ ನಿಮ್ಮ ಕಡತಗಳನ್ನು ಸೇರಿಸಿಕೊಳ್ಳುವುದಿಲ್ಲ, ಫೋಟೋ ಮತ್ತು ದಾಖಲೆಗಳಿಗೆ ಬೇರೆ ಬ್ಯಾಕಪ್ ಇರಲೇಬೇಕು.

ಬೀಗ ಮತ್ತು ವಿದ್ಯುತ್

ಉಬುಂಟುವಿನಲ್ಲಿ ಗಣಕ ಹಚ್ಚಿದ ಕೂಡಲೇ ಆಜ್ಞೆ ಕೊಟ್ಟರೆ ಹಿನ್ನೆಲೆಯಲ್ಲಿ ಸ್ವಯಂಚಾಲಿತ ನವೀಕರಣ ಬೀಗ ಹಿಡಿದಿರುವುದು ಸಾಮಾನ್ಯ. ಆಪ್ಟ್-ಗೆಟ್ ಬೀಗ ಸಿಗಲಿಲ್ಲ ಎಂದು ತಕ್ಷಣ ಕೈಚೆಲ್ಲುತ್ತದೆ. ಆಪ್ಟ್ ಯಾವ ಪ್ರಕ್ರಿಯೆ ಹಿಡಿದಿದೆ ಎಂದು ಹೇಳಿ, ಸೆಕೆಂಡು ಎಣಿಸುತ್ತ ಕಾಯುತ್ತದೆ. ಬೀಗದ ಕಡತವನ್ನೇ ‘ಆರ್‌ಎಂ’ ಮಾಡಿ (ಅಳಿಸಿ) ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ, ದಯವಿಟ್ಟು ಅದನ್ನು ಪಾಲಿಸಬೇಡಿ. ಎರಡು ಪ್ರಕ್ರಿಯೆಗಳು ಒಟ್ಟಿಗೆ ಡಿಪಿಕೆಜಿ ದಾಖಲೆಗೆ ಕೈಹಾಕದಂತೆ ತಡೆಯುವುದು ಆ ಬೀಗ ಮಾತ್ರ.

ನವೀಕರಣದ ನಡುವೆ ಕರೆಂಟ್ ಹೋದರೆ ನಾಲ್ಕರಲ್ಲಿ ಯಾವುದನ್ನು ಬಳಸುತ್ತಿದ್ದಿರಿ ಎಂಬುದಕ್ಕೆ ಬೆಲೆಯಿಲ್ಲ. ಗಣಕ ಮತ್ತೆ ಎದ್ದ ಮೇಲೆ ಮೊದಲು ‘ಡಿಪಿಕೆಜಿ --ಕಾನ್ಫಿಗರ್ -ಎ’, ಅದು ಮುಗಿದ ಮೇಲೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಈ ಎರಡನೆಯದು ಏನನ್ನಾದರೂ ಅಳಿಸಲು ಕೇಳಿದರೆ, ಆ ಪಟ್ಟಿಯಲ್ಲಿ ನಿಮ್ಮ ಡೆಸ್ಕ್‌ಟಾಪಿನ ಹೆಸರು ಇದೆಯೇ ಎಂದು ನೋಡಿಯೇ ಉತ್ತರಿಸಿ. ಇದ್ದರೆ ‘ಎನ್’ ಒತ್ತಿ, ಆ ಹೆಸರು ಕೊಟ್ಟು ‘ಆಪ್ಟಿಟ್ಯೂಡ್ ವೈ-ನಾಟ್’ ಕೇಳಿ.