ಜನರೇಟರ್ ಡೀಸೆಲ್ "ಪಾಲಿಶಿಂಗ್" ಮಾಡ್ತೀವಿ ಅಂತ ಬರುವವರಿದ್ದಾರೆ, ಟ್ಯಾಂಕಿನ ತಳ ನೋಡದೆ ದುಡ್ಡು ಕೊಡಬೇಡಿ

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು, ಛತ್ರ, ನರ್ಸಿಂಗ್ ಹೋಮ್ ನಡೆಸುವವರು, ವರ್ಷಕ್ಕೆ ನಾಲ್ಕಾರು ಗಂಟೆಯೂ ಓಡದ ಡಿಜಿ ಸೆಟ್ (ಡೀಸೆಲ್ ಜನರೇಟರ್) ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಟ್ಯಾಂಕಿನ ಹಳೇ ಡೀಸೆಲ್ಲನ್ನು ಪಂಪಿನಿಂದ ಎಳೆದು, ಫಿಲ್ಟರ್ ದಾಟಿಸಿ ವಾಪಸ್ ಟ್ಯಾಂಕಿಗೇ ಬಿಡೋದಕ್ಕೆ ಪಾಲಿಶಿಂಗ್ ಅಂತಾರೆ. ಹಾಗೆ ಶುದ್ಧ ಮಾಡಿಕೊಡ್ತೀವಿ ಅಂತ ಬಂದವರು ನಮ್ಮ ಅಸೋಸಿಯೇಷನ್‌ಗೆ ಹಾಡುಹಗಲೇ ಟೋಪಿ ಹಾಕಿ ಹೋದರು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳಲೇಬೇಕು.

ನಮ್ಮದು ಹೊರಗಿಟ್ಟ 990 ಲೀಟರ್ ಟ್ಯಾಂಕ್. ಒಂದೇ ಪಾತ್ರೆಯಲ್ಲಿ 1000 ಲೀಟರ್ ದಾಟಿದರೆ ಪೆಟ್ರೋಲಿಯಂ ನಿಯಮದ ಲೈಸೆನ್ಸ್ ಬೇಕು, ಅದಕ್ಕೇ ಎಲ್ಲ ಕಡೆ ಈ 990. ಒಳಗೆ ಸುಮಾರು 600 ಲೀಟರ್ ಡೀಸೆಲ್ ಇತ್ತು. ಅಂದರೆ ಮಿಕ್ಕ ಜಾಗವೆಲ್ಲ ಗಾಳಿ. ಹಗಲು ಟ್ಯಾಂಕ್ ಕಾಯುತ್ತೆ, ಗಾಳಿ ಹೊರಹೋಗುತ್ತೆ. ರಾತ್ರಿ ತಣ್ಣಗಾದಾಗ ವೆಂಟ್ ಪೈಪಿನಿಂದ ಮಳೆಗಾಲದ ತೇವದ ಗಾಳಿ ಒಳಗೆ ಬರುತ್ತೆ. ಆ ತೇವ ತಗಡಿಗೆ ಬೆವರಿನಂತೆ ಕೂತು ಕೆಳಗಿಳಿಯುತ್ತೆ. ಡೀಸೆಲ್ ಲೀಟರಿಗೆ 830 ಗ್ರಾಂ ಆಸುಪಾಸು, ನೀರು 1000 ಗ್ರಾಂ. ಹಾಗಾಗಿ ನೀರು ಯಾವಾಗಲೂ ತಳದಲ್ಲಿ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲೇ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯೋದು. ಡೀಸೆಲ್ಲೇ ಅವಕ್ಕೆ ಊಟ. ಅದರಿಂದಾಗುವ ಲೋಳೆಯೇ ಫಿಲ್ಟರ್ ಮುಚ್ಚಿಹಾಕೋದು.

ಇದೆಲ್ಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು, ನನ್ನ ಸಿಟ್ಟು ಅದಕ್ಕೆ.

ಪಂಪು, ಫಿಲ್ಟರ್ ಹೌಸಿಂಗ್, ಎರಡು ಪೈಪು ತಂದರು. ಎರಡೂ ಪೈಪನ್ನು ಮೇಲಿನ ಮುಚ್ಚಳದಿಂದಲೇ ಇಳಿಬಿಟ್ಟರು. ಹೀರುವ ಪೈಪಿನ ತುದಿ ತಳ ಮುಟ್ಟಲೇ ಇಲ್ಲ, ಒಂದು ಗೇಣು ಮೇಲೇ ನಿಂತಿತ್ತು. ಪಂಪಿನ ಪ್ಲೇಟ್ ಮೇಲೆ ನಿಮಿಷಕ್ಕೆ 20 ಲೀಟರ್ ಅಂತಿತ್ತು. ಓಡಿಸಿದ್ದು 20 ನಿಮಿಷ. ಲೆಕ್ಕ ಹಾಕಿ: 400 ಲೀಟರ್. ಇದ್ದ ಡೀಸೆಲ್ ಒಂದು ಸುತ್ತೂ ಫಿಲ್ಟರ್ ದಾಟಿಲ್ಲ! ಅದೇ ಡೀಸೆಲ್ ತಿರುಗಿ ಟ್ಯಾಂಕಿಗೇ ಬೀಳೋದರಿಂದ ಕನಿಷ್ಠ ಐದು ಸುತ್ತಾದರೂ ಬೇಕು. 600 ಲೀಟರಿಗೆ ಅದು ಎರಡೂವರೆ ಗಂಟೆ ಕೆಲಸ. ಜೊತೆಗೆ ಹೀರುವ ಪೈಪು ತಳದ ಮೂಲೆಯಲ್ಲಿರಬೇಕು, ವಾಪಸ್ ಪೈಪು ಎದುರು ಮೂಲೆಯಲ್ಲಿರಬೇಕು. ಆಗಲೇ ಕೆಳಗಿನ ಗಸಿ ಎದ್ದು ಬರೋದು. ಇದನ್ನು ಕೇಳಿದರೆ ಬಂದ ಉತ್ತರ, "ನಮ್ಮ ಮಷೀನ್ ಹೈ ಎಫಿಷಿಯೆನ್ಸಿ ಸರ್."

ಆಮೇಲೆ ಗಾಜಿನ ಬಾಟಲಿ ತೆಗೆದರು. ಅಲ್ಲೇ ಎಲ್ಲರೂ ಬಿದ್ದಿದ್ದು. ತಿಳಿ ಹಳದಿ ಡೀಸೆಲ್, ಬಾಟಲಿ ಹಿಂದೆ ಹಿಡಿದ ಪೇಪರಿನ ಸಣ್ಣ ಅಕ್ಷರವೂ ಓದಬಹುದು. "ನೋಡಿ ಮೇಡಂ, ಬಂಕಿಂದ ಈಗಷ್ಟೇ ತಂದ ಹಾಗಿದೆ" ಅಂತ ಒಬ್ಬೊಬ್ಬರ ಕೈಗೂ ಕೊಟ್ಟರು. ಎಲ್ಲರೂ ತಲೆಯಾಡಿಸಿದರು, ಟ್ರೆಷರರ್ ಚೆಕ್ ಬರೆದರು. ಆ ಬಾಟಲಿ ತುಂಬಿಸಿದ್ದು ಮೇಲಿನ ಮುಚ್ಚಳದಿಂದ! ಮೇಲಿನ ಡೀಸೆಲ್ ಅವರು ಬರುವ ಮೊದಲೂ ಅಷ್ಟೇ ತಿಳಿಯಾಗಿತ್ತು. ಕೊಳಕು ಇರೋದು ತಳದಲ್ಲಿ ಸ್ವಾಮಿ, ತಳದಲ್ಲಿ.

ಹೋಗುವ ಮುಂಚೆ ಲೇಬಲ್ಲೇ ಇಲ್ಲದ ಡಬ್ಬಿಯಿಂದ ಬೂಷ್ಟು ಸಾಯಿಸುವ ಔಷಧಿ ಸುರಿದರು. ಇದು ಎಲ್ಲಕ್ಕಿಂತ ಕೆಟ್ಟದ್ದು. ನೀರು, ಗಸಿ ತೆಗೆಯದೆ ಔಷಧಿ ಹಾಕಿದರೆ ಗೋಡೆಗೆ ಅಂಟಿದ್ದ ಲೋಳೆ ಸತ್ತು ಕಳಚಿ ಡೀಸೆಲ್ಲಿಗೆ ಬರುತ್ತೆ, ಅಲ್ಲಿಂದ ನೇರ ಫಿಲ್ಟರಿಗೆ. ನಮ್ಮಲ್ಲಿ ಆಗಿದ್ದೂ ಅದೇ. ಮಳೆ ಬಂದು ಕರೆಂಟ್ ಹೋಯಿತು, ಸೆಟ್ ಸ್ಟಾರ್ಟ್ ಆಯಿತು, ಲೋಡ್ ತಗೊಂಡ ಸ್ವಲ್ಪ ಹೊತ್ತಿಗೆ ಆರ್‌ಪಿಎಂ ಏರಿಳಿದು ನಿಂತೇ ಹೋಯಿತು. ವಯಸ್ಸಾದವರೊಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ಡಬ್ಬ ಕೊಯ್ದು ತೋರಿಸಿದ. ಕಾಗದದ ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿ, ನಡುವೆ ಕಪ್ಪು ಲೋಳೆ. ಬೆರಳಲ್ಲಿ ಎಳೆದರೆ ನೂಲಿನ ಹಾಗೆ ಬರ್ತಿತ್ತು. ಟ್ಯಾಂಕಿನ ತಳದ ಡ್ರೈನ್ ಕಾಕ್ (ನಲ್ಲಿ) ತಿರುಗಿಸಿದರೆ ಮೊದಲು ಕಂದು ಬಣ್ಣದ ನೀರು, ಆಮೇಲೆ ಗಸಿ, ಡೀಸೆಲ್ ಕಂಡಿದ್ದು ಕೊನೆಗೆ.

ಫೋನ್ ಮಾಡಿದರೆ ಮೊದಲು, "ನೀವು ಹಾಕಿಸಿದ ಬಂಕಿನ ಡೀಸೆಲ್ ಸರಿ ಇಲ್ಲ." ಕ್ಲೀನ್ ಮಾಡಿದ ಮೇಲೆ ಹೊಸ ಡೀಸೆಲ್ ಹಾಕಿಸೇ ಇಲ್ಲ ಅಂದಾಗ, "ಹಾಗಾದ್ರೆ ಇಂಜೆಕ್ಟರ್ ಹೋಗಿರುತ್ತೆ, ಬದಲಾಯಿಸೋಣ, ಕೊಟೇಷನ್ ಕಳಿಸ್ತೀವಿ." (ಇಂಜೆಕ್ಟರ್ ಅಂದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ.) ತಳದ ನೀರಿನ ಫೋಟೋ ಕಳಿಸಿದ ಮೇಲೆ, "ಸ್ಯಾಂಪಲ್ ನೋಡಿ ಸಹಿ ಹಾಕಿದ್ದೀರಲ್ಲ ಸರ್, ನಮ್ಮ ಕೆಲಸ ಮುಗೀತು." ಆ ಸಹಿಯೊಂದೇ ಅವರಿಗೆ ಬೇಕಾಗಿದ್ದದ್ದು.

ಯಾರನ್ನಾದರೂ ಕರೆಸುವ ಮೊದಲು ನೀವೇ ನೋಡಿಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಬಳಸುವ ವಾಟರ್ ಫೈಂಡಿಂಗ್ ಪೇಸ್ಟ್ ತಂದು ಡಿಪ್ ರಾಡ್ (ಅಳತೆ ಕಡ್ಡಿ) ತುದಿಗೆ ಹಚ್ಚಿ ತಳಕ್ಕೆ ಇಳಿಸಿ. ನೀರು ಮುಟ್ಟಿದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತೆ. ರಾತ್ರಿಯೆಲ್ಲ ಅಲುಗಾಡದೆ ನಿಂತ ಟ್ಯಾಂಕಿನ ಡ್ರೈನ್ ಬೆಳಗ್ಗೆ ಬಿಚ್ಚಿ, ಶುದ್ಧ ಡೀಸೆಲ್ ಬರುವವರೆಗೂ ಬಿಡಿ. ಇಂಜಿನ್ನಿಗೆ ಹೋಗುವ ಡೀಸೆಲ್ಲಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಬಟ್ಟಲನ್ನೂ ಹಾಗೇ ಖಾಲಿ ಮಾಡಿ. ನೀರು, ಗಸಿ ಹೋದ ಮೇಲಷ್ಟೇ ಔಷಧಿ, ಅದೂ ಲೇಬಲ್ ಮೇಲೆ ಬರೆದ ಅಳತೆಗೆ. "ನೀರನ್ನು ಡೀಸೆಲ್ಲಲ್ಲೇ ಕರಗಿಸಿಬಿಡ್ತೀವಿ" ಅನ್ನುವ ದ್ರವ ಯಾರೇ ತಂದರೂ ಬೇಡ ಅನ್ನಿ. ಕರಗಿದ ನೀರನ್ನು ಸೆಪರೇಟರ್ ಹಿಡಿಯಲ್ಲ, ಅದು ಇಂಜೆಕ್ಟರಿಗೇ ಹೋಗುತ್ತೆ. 2023ರ ಜುಲೈ ನಂತರದ ಸಿಪಿಸಿಬಿ 4+ (ಕೇಂದ್ರ ಮಾಲಿನ್ಯ ಮಂಡಳಿಯ ಹೊಸ ಹೊಗೆ ಮಿತಿ) ಸೆಟ್ಟುಗಳಲ್ಲಿ ಕಾಮನ್ ರೈಲ್ ಅನ್ನುವ ಭಾರಿ ಒತ್ತಡದ ಇಂಜೆಕ್ಟರ್ ಇದ್ದರೆ ಅದರ ಬೆಲೆ ಒಮ್ಮೆ ವಿಚಾರಿಸಿ ನೋಡಿ.

ಟ್ಯಾಂಕ್ ತುಂಬಿಸಿಡಿ ಅಂತ ಎಲ್ಲರೂ ಹೇಳ್ತಾರೆ. ಗಾಳಿಯ ಜಾಗ ಕಡಿಮೆ ಆಗುತ್ತೆ, ನಿಜ. ಆದರೆ ವರ್ಷಕ್ಕೆ 100 ಲೀಟರ್ ಖರ್ಚಾಗುವ ಕಡೆ 900 ಲೀಟರ್ ತುಂಬಿಸಿದರೆ ಅದು ಅಲ್ಲೇ ಮುದಿಯಾಗುತ್ತೆ, ಅಂಟು ಕಟ್ಟುತ್ತೆ. ಅಂಟು ಕಟ್ಟಿದ ಡೀಸೆಲ್ಲನ್ನು ಯಾವ ಪಾಲಿಶಿಂಗೂ ಹೊಸದು ಮಾಡಲ್ಲ. ಚಿಕ್ಕ ಟ್ಯಾಂಕ್ ಇಟ್ಟು ಅದನ್ನೇ ತುಂಬಿಡೋದು ಮೇಲು. ತಿಂಗಳಿಗೊಮ್ಮೆ ಅರ್ಧ ಗಂಟೆ, ಕನಿಷ್ಠ ಶೇ 30 ಲೋಡ್ ಕೊಟ್ಟು ಓಡಿಸಿ. ಖಾಲಿ ಓಡಿಸಿದರೆ ಸೈಲೆನ್ಸರ್‌ನಲ್ಲಿ ಎಣ್ಣೆ ಮಸಿ ಸೇರುತ್ತೆ ಅಷ್ಟೆ.

ಕರೆಸಲೇಬೇಕಾದರೆ ವರ್ಕ್ ಆರ್ಡರ್‌ನಲ್ಲೇ ಬರೆಸಿ: ಸ್ಯಾಂಪಲ್ ತಳದ ಡ್ರೈನ್‌ನಿಂದ, ನಿಮ್ಮ ಬಾಟಲಿಯಲ್ಲಿ, ನಿಮ್ಮವರೇ ಹಿಡಿಯಬೇಕು. ಎಷ್ಟು ನಿಮಿಷ, ಎಷ್ಟು ಸುತ್ತು, ಎಷ್ಟು ಮೈಕ್ರಾನ್ ಫಿಲ್ಟರ್, ಎಲ್ಲ ಬರೆಯಲಿ. ತೆಗೆದ ಗಸಿಯನ್ನು ಚರಂಡಿಗೆ ಸುರಿಯೋಕೆ ಬಿಡಬೇಡಿ, ಮಾಲಿನ್ಯ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಅರ್ಧ ದುಡ್ಡು ಹಿಡಿದಿಟ್ಟುಕೊಂಡು, ಲೋಡ್ ಹಾಕಿ ಒಂದು ಗಂಟೆ ಓಡಿಸಿ ಫಿಲ್ಟರ್ ಬಿಚ್ಚಿ ನೋಡಿದ ಮೇಲೆ ಕೊಡಿ. ಅದಕ್ಕೆ ಒಪ್ಪದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.