ಕರೆಂಟ್ ಹೋದೊಡನೆ ಗುರುಗುಡುವ ಏರ್ ಪಂಪ್: ಟ್ಯಾಂಪಾ ಮನೆಯ ಅನುಭವ

ಮೊದಲು ದೂರು. ಮೀನಿನ ಟ್ಯಾಂಕಿನ ನೀರಿಗೆ ಗಾಳಿ ಊದುವ ಈ ಪಂಪ್ ಸದ್ದು ಮಾಡುತ್ತದೆ, ಅದೂ ಸಣ್ಣ ಸದ್ದಲ್ಲ. ಒಳಗೆ ಎರಡು ಡಿ ಸೆಲ್ (ದೊಡ್ಡ ಟಾರ್ಚಿನ ದಪ್ಪ ಸೆಲ್) ಹಾಕಿ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಟ್ಟರೆ, ಕರೆಂಟ್ ಇರುವಷ್ಟು ಹೊತ್ತು ತೆಪ್ಪಗಿರುತ್ತದೆ. ಹೋದ ಕ್ಷಣ ತಾನೇ ಶುರು. ನಾನು ಕೊಂಡದ್ದು ಚಂಡಮಾರುತಕ್ಕೆ. ಆದರೆ ಇಲ್ಲಿ ಬೇಸಿಗೆಯಿಡೀ ಮಧ್ಯಾಹ್ನ ಗುಡುಗು ಮಿಂಚು. ಕರೆಂಟ್ ಎರಡು ಸೆಕೆಂಡ್ ಹೋಗಿ ಬಂದರೂ ಇದು ಒಮ್ಮೆ ಗುರ್ರ್ ಎಂದೇ ಸುಮ್ಮನಾಗುವುದು. ಸುಳ್ಯದಿಂದ ಬಂದಿದ್ದ ಅಮ್ಮ ಬೆಚ್ಚಿಬಿದ್ದು, "ಎಂತ ಮಾರಾಯ ಇದು, ಕರೆಂಟ್ ಹೋದದ್ದು ನಮಗಿಂತ ಮೊದಲು ಇದಕ್ಕೇ ಗೊತ್ತಾಗ್ತದಲ್ಲ!" ಎಂದರು.

ಸಾಕಾಗಿ ವಾಪಸ್ ಕಳಿಸಲು ಡಬ್ಬಿಯನ್ನೂ ಹುಡುಕಿಟ್ಟಿದ್ದೆ. ಕಳಿಸದಿರುವುದಕ್ಕೆ ಕಾರಣ ನಮ್ಮ ಮೀನುಗಳು. ನಾಲ್ಕಡಿ ಉದ್ದದ, 75 ಗ್ಯಾಲನ್ ಟ್ಯಾಂಕಿನಲ್ಲಿರುವುದು ಡೆನಿಸನ್ ಬಾರ್ಬ್. ಅಮೆರಿಕದ ಅಂಗಡಿಯವರು ರೋಸ್‌ಲೈನ್ ಶಾರ್ಕ್ ಎಂದು ಮಾರುತ್ತಾರೆ, ಶಾರ್ಕಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಪಶ್ಚಿಮ ಘಟ್ಟದ ಮೀನು ಇದು. ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಗೆರೆ, ಅದರ ಮೇಲೆ ಕುಂಕುಮದ ಗೆರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ನಿಂತರೆ ಎಲ್ಲವೂ ಎಡಮೂಲೆಗೆ ಬಂದು ಸಾಲುಗಟ್ಟುತ್ತವೆ. ಒಂದು ಚಿಟಿಕೆ ಆಹಾರ, ಫಿಲ್ಟರಿನಿಂದ ಬೀಳುವ ನೀರಿಗೆ ಎದುರಾಗಿ ಒಂದು ಸುತ್ತು ಈಜು, ಮತ್ತೆ ಮೂಲೆ. ಅಷ್ಟು ಹೊತ್ತು ನಾನು ಫೋನ್ ಮುಟ್ಟುವುದಿಲ್ಲ.

ಹರಿಯುವ ಹೊಳೆಯ ಮೀನಾದ್ದರಿಂದ ಇವಕ್ಕೆ ಆಮ್ಲಜನಕ ಜಾಸ್ತಿ ಬೇಕು. ಫಿಲ್ಟರ್ ನಿಂತರೆ ನೀರಿನ ಮೇಲ್ಮೈ ಕದಡುವುದಿಲ್ಲ. ಏಸಿ ನಿಂತರೆ ಮನೆ ಕಾದು ನೀರೂ ಬಿಸಿಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ ಹಿಡಿಯುತ್ತದೆ. ಫ್ಲೋರಿಡಾದಲ್ಲಿ ಕರೆಂಟ್ ಹೋದರೆ ಎರಡು ಕಡೆಯಿಂದಲೂ ಪೆಟ್ಟು.

2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ಬಂದು ಟ್ಯಾಂಪಾ ಕೊಲ್ಲಿಯ ದಡಗಳಿಗೆ ಸಮುದ್ರ ನುಗ್ಗಿತ್ತು. ಬೀದಿಬದಿಯಲ್ಲಿ ರಾಶಿ ಬಿದ್ದ ಒದ್ದೆ ಸೋಫಾಗಳನ್ನು ಎತ್ತುವ ಮೊದಲೇ ಮುಂದಿನ ಚಂಡಮಾರುತ ಮಿಲ್ಟನ್ ಸುದ್ದಿ. ಮನೆ ಖಾಲಿ ಮಾಡಿಸುವ ವಲಯಗಳಲ್ಲಿ ನಮ್ಮದು ಬಿ ಝೋನ್, ಹೊರಡಲೇಬೇಕೆಂಬ ಆದೇಶ. 75 ಗ್ಯಾಲನ್ ಎಂದರೆ ನೀರೊಂದೇ 280 ಕಿಲೋ, ಟ್ಯಾಂಕ್ ಕದಲಿಸುವ ಮಾತೇ ಇಲ್ಲ. ಮೀನುಗಳನ್ನು ಬಕೆಟ್ಟಿಗೆ ಹಾಕೋಣವೆಂದರೆ ಇವು ಜಿಗಿಯುವ ಜಾತಿ, ಮುಂದೆ ಜಾರ್ಜಿಯಾದವರೆಗೆ ಕಾರುಗಳ ಸಾಲು. ಕಾರಿನಲ್ಲಿ ಬಂದದ್ದು ಮಗಳ ಬೆಟ್ಟಾ ಮೀನು ಒಂದೇ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ, ಮುಚ್ಚಳದ ಕೆಳಗೆ ಒಂದಿಷ್ಟು ಜಾಗ ಬಿಟ್ಟರೆ ಪಂಪ್ ಬೇಕಿಲ್ಲ.

ಉಳಿದವಕ್ಕೆ ಹಿಂದಿನ ದಿನದಿಂದಲೇ ಊಟ ಬಂದ್, ಅರ್ಧ ನೀರು ಬದಲು. ಕ್ಯಾನಿಸ್ಟರ್ ಫಿಲ್ಟರಿನ (ಟ್ಯಾಂಕಿನ ಹೊರಗಿರುವ ಮುಚ್ಚಿದ ಡಬ್ಬಿಯ ಫಿಲ್ಟರ್) ಸ್ಪಂಜು ತೆಗೆದು ಟ್ಯಾಂಕಿನೊಳಗೆ, ಪಂಪಿನ ಗಾಳಿಯನ್ನು ಗುಳ್ಳೆಯಾಗಿಸುವ ಏರ್ ಸ್ಟೋನ್ ಪಕ್ಕ ಇಟ್ಟೆ. ಮುಚ್ಚಿದ ಡಬ್ಬಿಯಲ್ಲೇ ಬಿಟ್ಟರೆ ಸ್ಪಂಜಿನಲ್ಲಿರುವ, ಮೀನಿನ ಹೊಲಸಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸಾಯುತ್ತವೆ, ಕರೆಂಟ್ ಬಂದಾಗ ಆ ಕೊಳೆತ ನೀರೆಲ್ಲ ಟ್ಯಾಂಕಿಗೇ ಸುರಿಯುತ್ತದೆ.

ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ದಡ ಮುಟ್ಟಿತು. ನಮ್ಮ ಕಡೆಗೆ ಸಮುದ್ರ ನುಗ್ಗಲಿಲ್ಲ, ಗಾಳಿ ಕೊಲ್ಲಿಯ ನೀರನ್ನೇ ಆಚೆಗೆ ತಳ್ಳಿತು. ಕರೆಂಟ್ ಮಾತ್ರ ಉಳಿಯಲಿಲ್ಲ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕತ್ತಲಾದವು, ಅದರಲ್ಲಿ ನಮ್ಮದೂ ಒಂದು. ಸ್ವಿಚ್ ಒತ್ತಲು ಮನೆಯಲ್ಲಿ ಯಾರೂ ಇಲ್ಲದ ಹೊತ್ತಲ್ಲಿ ಪಂಪ್ ತಾನೇ ಶುರುವಾಗಿತ್ತು. ಮರುದಿನ ಝೋನಿನ ಹೊರಗಿರುವ ಸ್ನೇಹಿತರು ಬೀಗ ತೆಗೆದು ಒಳಗೆ ಹೋಗಿ ಫೋನ್ ಮಾಡಿದರು: "ನಡೀತಾ ಇದೆ ಕಣ್ರೀ, ಆದ್ರೆ ಸೌಂಡ್ ಸ್ವಲ್ಪ ಇಳಿದಿದೆ. ಕೇಳಿಸ್ಕೊಳ್ಳಿ." ಫೋನನ್ನು ಪಂಪಿನ ಹತ್ತಿರ ಹಿಡಿದರು. ಹೌದು, ಗುರ್ರ್ ಹೋಗಿ ಕುಂಯ್ ಆಗಿತ್ತು. ಸೆಲ್ ಬದಲಾಯಿಸಲು ಹೇಳಿದೆ. ಮತ್ತೆ ಹಳೆಯ ಗುರ್ರ್! ಸೆಲ್ ಎಷ್ಟು ಉಳಿದಿದೆ ಎಂದು ತೋರಿಸುವ ಒಂದು ಸಣ್ಣ ಲೈಟೂ ಇಲ್ಲದ ಯಂತ್ರದಲ್ಲಿ, ನಾನು ಬೈಯುತ್ತಿದ್ದ ಸದ್ದೇ ಮೀಟರ್. ಆಮೇಲೆ ಅದನ್ನು ಬೈದಿಲ್ಲ. ಮೀನುಗಳೂ ಉಳಿದವು.

ಹಾಗೆಂದು ಕಂಪನಿಯನ್ನು ಹೊಗಳಲಾರೆ. ಡಬ್ಬಿಯಲ್ಲಿ ಚೆಕ್ ವಾಲ್ವ್ (ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟ) ಇಲ್ಲ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟು ಸೆಲ್ ಮುಗಿದರೆ, ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೂ ನೆಲಕ್ಕೂ ಬರುತ್ತದೆ. ಎರಡು ಮೂರು ಡಾಲರಿನ ಪ್ಲಾಸ್ಟಿಕ್ ಚೂರು, ಅದನ್ನೂ ಬೇರೆ ಕೊಳ್ಳಬೇಕು. ಸೆಲ್ ವರ್ಷಗಟ್ಟಲೆ ಒಳಗೇ ಬಿಟ್ಟರೆ ಸೋರುತ್ತವೆ, ನಾನು ಡಿಸೆಂಬರಿನಲ್ಲಿ ತೆಗೆದುಬಿಡುತ್ತೇನೆ. ಯುಎಸ್‌ಬಿ ಪಂಪ್ ಜೊತೆ ಪವರ್ ಬ್ಯಾಂಕ್ ಸಾಕಲ್ಲವೇ ಎನ್ನುವವರಿಗೆ: ಸಣ್ಣ ಪಂಪ್ ಎಳೆಯುವ ಕರೆಂಟ್ ತೀರಾ ಕಮ್ಮಿ, ಏನೂ ಸಿಕ್ಕಿಸಿಲ್ಲವೆಂದುಕೊಂಡು ಕೆಲವು ಪವರ್ ಬ್ಯಾಂಕ್ ತಾವೇ ಆಫ್ ಆಗುತ್ತವೆ. ಮನೆಯಲ್ಲಿರುವಾಗಲೇ ಒಂದು ರಾತ್ರಿ ಓಡಿಸಿ ನೋಡಿ.

ಐದರಲ್ಲಿ ನಾಲ್ಕು ಸ್ಟಾರ್. ಮನೆ ಬಿಡುವ ಪ್ರಸಂಗವೇ ಇಲ್ಲದವರಿಗೆ ನಾವೇ ಸ್ವಿಚ್ ಒತ್ತಿ ಶುರುಮಾಡುವ ಅರ್ಧ ಬೆಲೆಯ ಪಂಪ್ ಸಾಕು. ಡಿ ಸೆಲ್ ಮಾತ್ರ ಮೇ ತಿಂಗಳಲ್ಲೇ ತಂದಿಡಿ. ಚಂಡಮಾರುತದ ಹೆಸರು ಟಿವಿಯಲ್ಲಿ ಬಂದ ಮೇಲೆ ಅಂಗಡಿಗೆ ಹೋದರೆ ನಿಮಗೆ ಸಿಗುವುದು ರಿಮೋಟಿನ ಎಎ ಸೆಲ್.